ಡಿಮೆನ್ಶಿಯಾ ಸ್ಕ್ಯಾನ್ ರಿಸರ್ಚ್ ಕಲಿಸೋದು: ನನ್ನ ಅನುಭವ

ನಾನು ನ್ಯೂರಾಲಜಿಸ್ಟ್, ಬೆಂಗಳೂರಿನಲ್ಲಿ ಮೆಮೊರಿ ಕ್ಲಿನಿಕ್ ನೋಡ್ಕೋತೀನಿ. ಜೊತೆಗೆ ಡಿಎಂ (ಎಂಡಿ ಆದಮೇಲೆ ಮಾಡೋ ಸೂಪರ್ ಸ್ಪೆಷಾಲಿಟಿ ಡಿಗ್ರಿ) ಓದೋರಿಗೆ, ಪಿಎಚ್‌ಡಿ ಮಾಡೋರಿಗೆ ಮಿದುಳಿನ ಸ್ಕ್ಯಾನ್ ಇಟ್ಕೊಂಡು ವಯಸ್ಸಾದವರ ಮರೆವಿನ ಕಾಯಿಲೆ ಬಗ್ಗೆ ರಿಸರ್ಚ್ ಮಾಡೋದಕ್ಕೆ ಗೈಡ್ ಆಗಿದೀನಿ. ಹೊಸದಾಗಿ ಸೇರೋ ಪ್ರತಿಯೊಬ್ರೂ ಮೊದಲು ಕೇಳೋದು ಯಾವ ಸಾಫ್ಟ್‌ವೇರ್ ಕಲೀಬೇಕು ಸರ್ ಅಂತ. ಫ್ರೀಸರ್ಫರ್, ಎಸ್‌ಪಿಎಂ ಎಲ್ಲಾ ಆಮೇಲೆ ಕಲಿಯಬಹುದು, ಯೂಟ್ಯೂಬಲ್ಲೂ ಸಿಗುತ್ತೆ. ಮೊದಲು ಸ್ಕ್ಯಾನರ್ ರೂಮಿನ ಹೊರಗಿರೋ ಬೆಂಚಿನ ಮೇಲೆ ಪೇಷಂಟ್ ಪಕ್ಕ ಕೂತ್ಕೊಳ್ಳಿ ಅಂತೀನಿ. ಕೆಲವರಿಗೆ ಬೇಜಾರಾಗುತ್ತೆ, ಆದ್ರೂ ನಾನು ಬಿಡಲ್ಲ.

ಕಾರಣ ಇದೆ. ನಾವು ಮಿದುಳಿನ ಹೊರಪದರದ ದಪ್ಪ ಅಳೆಯೋದಕ್ಕೆ ಬಳಸೋ ಟಿ1 ಅನ್ನೋ ಬಗೆಯ ಎಂಆರ್‌ಐ ಸ್ಕ್ಯಾನ್‌ಗೆ ಕೆಲವು ನಿಮಿಷ ತಲೆ ಒಂಚೂರೂ ಅಲ್ಲಾಡಬಾರದು. ಮರೆವು ಇರೋರಿಗೆ ಅದು ಕಷ್ಟ, ಯಾಕೆ ಮಲಗಿದೀನಿ ಅನ್ನೋದೇ ಎರಡು ನಿಮಿಷಕ್ಕೆ ಮರೆತುಹೋಗಿರುತ್ತೆ, ಎದ್ದು ಹೋಗೋಕೆ ನೋಡ್ತಾರೆ. ತಲೆ ಅಲ್ಲಾಡಿದ ಸ್ಕ್ಯಾನನ್ನ ಸಾಫ್ಟ್‌ವೇರಿಗೆ ಕೊಟ್ರೆ ಅದು ಹೊರಪದರ ಇರೋದಕ್ಕಿಂತ ತೆಳು ಅಂತ ಲೆಕ್ಕ ಕೊಡುತ್ತೆ. ಅಲ್ಜೈಮರ್ ಕಾಯಿಲೆಯಲ್ಲೂ ಆಗೋದು ಅದೇ, ಪದರ ತೆಳು ಆಗುತ್ತೆ. ಅಂದ್ರೆ ಕಾಯಿಲೆ, ಅಲ್ಲಾಟ ಎರಡೂ ನಂಬರನ್ನ ಒಂದೇ ಕಡೆಗೆ ಎಳೀತವೆ, ಯಾವುದು ಎಷ್ಟು ಅಂತ ಆಮೇಲೆ ಬೇರ್ಪಡಿಸೋದು ತುಂಬಾ ಕಷ್ಟ. ಸ್ಕ್ಯಾನ್ ಚೆನ್ನಾಗಿ ಬರೋದು ಬೆಂಚಿನ ಮೇಲೇ ತೀರ್ಮಾನ ಆಗುತ್ತೆ ಅಂತ ನಾನು ಹೇಳೋದು ಇದಕ್ಕೇ.

ಒಂದ್ಸಲ ಚಿಂತಾಮಣಿ ಕಡೆಯಿಂದ ಒಬ್ರು ಅಜ್ಜಿ ಬಂದಿದ್ರು. ಬಳೆ, ಕಾಲುಂಗುರ ತೆಗೆದ್ರು, ಮೂಗುತಿಯನ್ನ ಮಗಳು ಸೋಪು ಹಚ್ಚಿ ಹೇಗೋ ತಿರುಗಿಸಿ ತೆಗೆದಳು, ತಾಳಿ ಮಾತ್ರ ಸುತಾರಾಂ ತೆಗೆಯಲ್ಲ ಅಂದ್ರು. ಚಿನ್ನವನ್ನ ಮ್ಯಾಗ್ನೆಟ್ ಎಳೆಯಲ್ಲ ನಿಜ, ಆದ್ರೆ ಸರದಲ್ಲಿ ಮೂರ್ನಾಲ್ಕು ಸೇಫ್ಟಿ ಪಿನ್ ಸಿಗಿಸಿಕೊಂಡಿದ್ರು, ಅದು ಒಳಗೆ ಹೋಗೋ ಹಾಗೇ ಇಲ್ಲ. ಟೆಕ್ನಿಷಿಯನ್‌ಗೆ ಅವಸರ, ಹೊರಗಡೆ ಇನ್ನೂ ಜನ ಕಾಯ್ತಿದಾರೆ. ನನ್ನ ಜೊತೆ ಇದ್ದ ಸ್ಟೂಡೆಂಟು, ಮಂಡ್ಯದ ಹುಡುಗಿ, ಏನೂ ಮಾತಾಡದೆ ಕ್ಯಾಂಟೀನಿಗೆ ಹೋಗಿ ಒಂದು ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ, "ಅಜ್ಜಿ, ಇದನ್ನ ಹಾಕ್ಕೊಳ್ಳಿ, ತಾಳಿ ನಿಮ್ಮ ಮಗಳ ಕೈಯಲ್ಲೇ ಇರುತ್ತೆ" ಅಂದಳು. ಅಜ್ಜಿ ಅವಳ ಮುಖ ನೋಡಿ, "ನಿಮ್ಮಮ್ಮ ಚೆನ್ನಾಗಿ ಬೆಳೆಸವ್ಳೆ ಕಣವ್ವ" ಅಂದು ಒಳಗೆ ಹೋದ್ರು. ಒಳಗೆ ಟಕ ಟಕ ಅಂತ ಸೌಂಡ್ ಬರುತ್ತೆ, ನಾನು ಇಲ್ಲೇ ನಿಮ್ಮ ಕಾಲು ಹಿಡ್ಕೊಂಡಿರ್ತೀನಿ ಅಂತ ಮೊದಲೇ ಹೇಳಿದ್ಲು, ಹಾಗೇ ಕಾಲು ಹಿಡ್ಕೊಂಡು ನಿಂತಿದ್ಲು. ಆವತ್ತಿನ ಇಮೇಜು ಕನ್ನಡಿ ಹಾಗಿತ್ತು. ಈಗ ನಮ್ಮ ಡ್ರಾಯರಲ್ಲಿ ಅರಿಶಿನದ ಕೊಂಬು, ದಾರ ಯಾವಾಗ್ಲೂ ಇರುತ್ತೆ.

ಮುಂದೆ ಇದೇ ಹುಡುಗಿ ಡೇಟಾ ಅನಾಲಿಸಿಸ್ ಮಾಡಿದಾಗ ಎರಡು ಗುಂಪಿನ ಮಧ್ಯೆ ದೊಡ್ಡ ವ್ಯತ್ಯಾಸ ಬಂತು, ಪೇಪರ್ ಬರೆಯೋ ಅಷ್ಟು ಚೆನ್ನಾಗಿತ್ತು, ಆದ್ರೆ ಅವಳಿಗೇ ಸಮಾಧಾನ ಆಗಲಿಲ್ಲ. ಒಂದೊಂದೇ ಸ್ಕ್ಯಾನ್ ತೆಗೆದು ಕಣ್ಣಲ್ಲೇ ನೋಡ್ತಾ ಹೋದಳು, ನೀರಿಗೆ ಕಲ್ಲು ಹಾಕಿದಾಗ ಏಳೋ ಅಲೆ ತರದ ಗೆರೆ, ಅಂದ್ರೆ ತಲೆ ಅಲ್ಲಾಡಿದ ಗುರುತು, ಇದ್ದವನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿದಾಗ ವ್ಯತ್ಯಾಸ ಕುಗ್ಗಿಹೋಯ್ತು. ಪೇಪರ್ ತಡ ಆಯ್ತು. ಗೈಡ್ ಆಗಿ ನನಗೆ ಅದಕ್ಕಿಂತ ಖುಷಿ ಕೊಟ್ಟ ದಿನ ಇನ್ನೊಂದಿಲ್ಲ.

ಕಣ್ಣಿಂದ ನೋಡೋದನ್ನ ನಾನು ಬಿಡಿಸೋದೇ ಇಲ್ಲ. ಶೆಲ್ಟೆನ್ಸ್ ಮತ್ತವರ ಜೊತೆಗಾರರು 1992ರಲ್ಲಿ ಕೊಟ್ಟ ಸ್ಕೇಲ್ ಇದೆ, ಕೊರೋನಲ್ ಕಟ್‌ನಲ್ಲಿ (ಮುಖದ ಎದುರಿಂದ ನೋಡಿದ ಹಾಗೆ ಕಾಣೋ ಸ್ಲೈಸ್) ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್‌ನ ಎತ್ತರ ಎಷ್ಟಿದೆ, ಪಕ್ಕದ ಬಿರುಕು ಎಷ್ಟು ಅಗಲ ಆಗಿದೆ ಅಂತ ನೋಡಿ 0ಯಿಂದ 4ರವರೆಗೆ ಅಂಕ ಕೊಡೋದು. 75 ವರ್ಷದ ಒಳಗಿನವರಿಗೆ 2 ಬಂದ್ರೇ ಅನುಮಾನ ಪಡಬೇಕು, ಅದಕ್ಕಿಂತ ವಯಸ್ಸಾದವರಲ್ಲಿ 2 ಇದ್ರೆ ವಯಸ್ಸಿಗೆ ತಕ್ಕ ಹಾಗಿದೆ ಅಂತಲೇ ಸಾಮಾನ್ಯವಾಗಿ ತಗೋತೀವಿ. ಇಬ್ಬರು ಸ್ಟೂಡೆಂಟ್ಸ್ ಬೇರೆ ಬೇರೆ ಕೂತು, ಪೇಷಂಟ್ ಹೆಸರು, ಡಯಾಗ್ನೋಸಿಸ್ ಏನೂ ಗೊತ್ತಿಲ್ಲದೆ ಅಂಕ ಹಾಕಬೇಕು. ಹೊಂದದೇ ಇದ್ದದ್ದನ್ನ ಶುಕ್ರವಾರ ಎಲ್ಲರ ಮುಂದೆ ತೆಗೆದು ನೋಡ್ತೀವಿ, ಜಗಳಾನೂ ಆಗುತ್ತೆ, ಆಗ್ಲಿ. ಫ್ಲೇರ್ ಅನ್ನೋ ಇನ್ನೊಂದು ಬಗೆಯ ಎಂಆರ್‌ಐ ಸ್ಕ್ಯಾನ್‌ನಲ್ಲಿ ಕಾಣೋ ಬಿಳಿ ಮಚ್ಚೆಗಳನ್ನೂ ಬರ್ಕೋಬೇಕು, ನಮ್ಮಲ್ಲಿ ಬಿಪಿ ಶುಗರ್ ಇರೋರೇ ಜಾಸ್ತಿ, ಎಷ್ಟೋ ಜನರಲ್ಲಿ ಅಲ್ಜೈಮರ್ ಜೊತೆ ರಕ್ತನಾಳದ ತೊಂದರೆನೂ ಸೇರ್ಕೊಂಡಿರುತ್ತೆ.

ಇನ್ನು ಟೆಸ್ಟ್ ವಿಷಯ. ಸ್ಕ್ಯಾನನ್ನ ಯಾವುದಕ್ಕೆ ಹೋಲಿಸ್ತೀವೋ ಆ ಮೆಮೊರಿ ಸ್ಕೋರೇ ತಪ್ಪಾದ್ರೆ 3 ಟೆಸ್ಲಾದ ಶಕ್ತಿಶಾಲಿ ಮ್ಯಾಗ್ನೆಟ್ ಇರೋ ಮಷಿನ್ ಇದ್ದೂ ಏನು ಬಂತು? ಸ್ಕೂಲಿಗೇ ಹೋಗದ ಅಜ್ಜನಿಗೆ ಒಂದು ವಾಕ್ಯ ಬರೀರಿ ಅಂದ್ರೆ ಅಂಕ ಹೋಗೋದು ಮರೆವಿಂದ ಅಲ್ಲ. ಕೋಲಾರದ ಕಡೆಯವರು ನಮ್ಮ ಹತ್ರ ಕನ್ನಡ ಮಾತಾಡಿದ್ರೂ ಮನೇಲಿ ತೆಲುಗು, ಅವರಿಗೆ ಯಾವ ಭಾಷೇಲಿ ಟೆಸ್ಟ್ ಮಾಡ್ಬೇಕು ಅಂತ ಮನೆಯವರನ್ನ ಕೇಳಿಯೇ ಶುರು ಮಾಡ್ತೀವಿ. ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಟೆಸ್ಟ್ ಬ್ಯಾಟರಿ, ಅಂದ್ರೆ ನೆನಪು, ಯೋಚನೆ ಅಳೆಯೋ ಟೆಸ್ಟ್‌ಗಳ ಗುಂಪು, ಕನ್ನಡ, ತೆಲುಗು ಎರಡರಲ್ಲೂ ಇರೋದು ದೊಡ್ಡ ಉಪಕಾರ. ಭಾಷೆ ಅನ್ನೋದು ಇಲ್ಲಿ ಸಣ್ಣ ವಿಷಯ ಅಲ್ಲವೇ ಅಲ್ಲ, ಹೈದರಾಬಾದಿನ 648 ಡಿಮೆನ್ಶಿಯಾ ಪೇಷಂಟ್‌ಗಳನ್ನ ನೋಡಿ ಸುವರ್ಣಾ ಅಲ್ಲಾಡಿ ಅವರ ತಂಡ 2013ರಲ್ಲಿ ಬರೆದ ಪೇಪರ್‌ನಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡೋರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ ಅಷ್ಟೇ. ಅದಕ್ಕೇ ನಮ್ಮ ಫಾರ್ಮ್‌ನಲ್ಲಿ ಎಷ್ಟು ಭಾಷೆ, ಯಾರ ಹತ್ರ ಯಾವ ಭಾಷೆ ಅಂತ ಒಂದು ಪುಟಾನೇ ಇದೆ. ಅರವತ್ತಕ್ಕೆ ಅರಳು ಮರಳು ಬಿಡಿ ಅನ್ನೋ ಮನೆಯವರಿಗೂ, ಸಾರಿಗೆ ಎರಡು ಸಲ ಉಪ್ಪು ಹಾಕ್ತಾರಾ, ಪೆನ್ಷನ್ ದುಡ್ಡಿನ ಲೆಕ್ಕ ಯಾರು ನೋಡ್ತಾರೆ ಅಂತ ಬಿಡಿಸಿ ಕೇಳಿದ್ರೆ ಒಂದೊಂದೇ ಹೊರಗೆ ಬರುತ್ತೆ. ಬಿ12 ಕೊರತೆ, ಥೈರಾಯ್ಡ್, ಡಿಪ್ರೆಶನ್‌ನಿಂದಲೂ ಮರೆವು ಬರಬಹುದು, ಅವನ್ನ ನೋಡದೆ ಯಾರನ್ನೂ ಸ್ಟಡಿಗೆ ಸೇರಿಸಲ್ಲ.

ವರ್ಷ ವರ್ಷ ಮತ್ತೆ ಕರೆಸಿ ಸ್ಕ್ಯಾನ್ ಮಾಡೋ ಸ್ಟಡಿಗಳಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಜೈಮರ್ ಇರೋರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು 4ರಿಂದ 5 ಪರ್ಸೆಂಟ್ ಕುಗ್ಗುತ್ತೆ, ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಒಂದೂವರೆಗಿಂತ ಸ್ವಲ್ಪ ಕಮ್ಮಿ. ವ್ಯತ್ಯಾಸ ಇಷ್ಟೇ ಚಿಕ್ಕದು, ಮಧ್ಯದಲ್ಲಿ ಯಾರೋ ಸ್ಕ್ಯಾನರ್ ಅಪ್‌ಗ್ರೇಡ್ ಮಾಡಿಬಿಟ್ರೆ ಒಂದು ವರ್ಷದ ಬದಲಾವಣೆ ಪೂರ್ತಿ ಅದರಲ್ಲೇ ಮುಳುಗಿಹೋಗಬಹುದು. ಅದಕ್ಕೆ ರೇಡಿಯಾಲಜಿ ಇಂಜಿನಿಯರ್ ಜೊತೆ ಸ್ನೇಹ ಇಟ್ಕೊಳ್ಳೋದೂ ಟ್ರೈನಿಂಗ್‌ನ ಭಾಗ ಅಂತ ಹೇಳ್ತೀನಿ, ಅಪ್‌ಗ್ರೇಡ್‌ಗೆ ಮುಂಚೆ ಮತ್ತು ಆದಮೇಲೆ ಅದೇ ಕೆಲವು ಜನರನ್ನ ಸ್ಕ್ಯಾನ್ ಮಾಡಿಸಿ ಇಟ್ಕೋತೀವಿ.

ಅಮೈಲಾಯ್ಡ್ ಪೆಟ್ (ಅಲ್ಜೈಮರ್‌ನಲ್ಲಿ ಮಿದುಳಲ್ಲಿ ಸೇರ್ಕೊಳ್ಳೋ ಅಮೈಲಾಯ್ಡ್ ಪ್ರೋಟೀನ್ ತೋರಿಸೋ ಸ್ಕ್ಯಾನ್) ಮಾಡ್ಬೇಕು ಅಂತ ಎಲ್ಲರಿಗೂ ಆಸೆ. ಒಳ್ಳೆ ಟೆಸ್ಟೇ, ಆದ್ರೆ 90ರ ಹತ್ತಿರದ, ನೆನಪು ಸರಿ ಇರೋ ಜನರಲ್ಲೂ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಮಂದಿಗೆ ಅದು ಪಾಸಿಟಿವ್ ಬರುತ್ತೆ. ಆ ರಿಪೋರ್ಟ್ ಹಿಡ್ಕೊಂಡು ಆರಾಮಾಗಿರೋ ಮನುಷ್ಯನ ಮುಂದೆ ಕೂತು ಏನು ಹೇಳ್ತೀರಿ, ಅದನ್ನ ಕನ್ನಡದಲ್ಲಿ ಬರ್ಕೊಂಡು ಬನ್ನಿ ಅಂತೀನಿ. ಅದು ಬರೆದಾಗದೆ ಎಥಿಕ್ಸ್ ಕಮಿಟಿ ಅರ್ಜಿಗೆ ನಾನು ಸೈನ್ ಹಾಕಲ್ಲ.