ಕಾಗದದಲ್ಲಿ ಮಾರುತ್‌ನ ಸೊಂಟ: ನನ್ನ ಅನುಭವ

ಎಚ್‌ಎಫ್-24 ಮಾರುತ್ ಎಂಬ ಭಾರತದ ಜೆಟ್ ಯುದ್ಧವಿಮಾನ ಕಾಗದಕ್ಕೆ ಒಗ್ಗುವಂಥದ್ದಲ್ಲ ಎಂದು ನನಗೆ ಹೇಳಿದವರು, ಕಾಗದದಲ್ಲಿ ವಿಮಾನದ ಮಾದರಿ ಕಟ್ಟುವ ಈ ಹವ್ಯಾಸಕ್ಕೆ ಹೊಸಬರಲ್ಲ. ನನಗಿಂತ ಹೆಚ್ಚು ವಿಮಾನಗಳನ್ನು ಕತ್ತರಿಸಿ ಅಂಟಿಸಿದವರು. ಕಾಗದ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ, ಮಾರುತ್‌ನ ಒಡಲು ನಡುವಿನಲ್ಲಿ ಎರಡೂ ದಿಕ್ಕಿಗೆ ಬಾಗಿದೆ, ಬೇಕೇ ಬೇಕೆಂದರೆ 3ಡಿ ಪ್ರಿಂಟರ್‌ನಲ್ಲಿ ತೆಗೆಸಿಕೊಳ್ಳಿ ಎಂಬುದು ಅವರ ವಾದವಾಗಿತ್ತು. ಈಗ ನನ್ನ ಕಪಾಟಿನಲ್ಲಿ 1:33 ಪ್ರಮಾಣದ ಮಾರುತ್ ನಿಂತಿದೆ. ಮೂಗಿನಿಂದ ಬಾಲದವರೆಗೆ 48 ಸೆಂ.ಮೀ., ರೆಕ್ಕೆಯ ತುದಿಯಿಂದ ತುದಿಗೆ 27 ಸೆಂ.ಮೀ. ಒಡಲಿನಲ್ಲಿ ಸಂದು ಮುಚ್ಚುವ ಪುಟ್ಟಿ ಒಂದು ಚೂರೂ ಇಲ್ಲ. ಆ ವಾದ ಹೂಡಿದವರಲ್ಲಿ ಇಬ್ಬರು ಬಂದು ಬೆರಳಾಡಿಸಿ ನೋಡಿ ಹೋಗಿದ್ದಾರೆ.

ಮಾರುತ್ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ನೇರವಾಗಿದೆ. ಎರಡನೆಯ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಫೋಕೆ-ವುಲ್ಫ್ 190 ಅನ್ನು ಕಾಗದದಲ್ಲಿ ಮಾಡುವವರು ಎಲ್ಲೆಡೆ ಸಿಗುತ್ತಾರೆ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನವರ ಜೊತೆ ಕೂತು ರೂಪಿಸಿದ ವಿಮಾನವನ್ನು ಮುಟ್ಟುವವರು ತೀರಾ ಕಡಿಮೆ. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದ್ದು ನಮ್ಮ ಊರಿನಲ್ಲಿಯೇ. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಓಡಾಡುವ ನಾವು ಆ ವಿಮಾನವನ್ನು ಮಾಡದೆ ಇನ್ಯಾರು ಮಾಡಬೇಕು?

ಮೊದಲ ತೊಡಕು ನಕ್ಷೆಯದು. ವಿಮಾನವನ್ನು ಮೇಲಿನಿಂದ, ಪಕ್ಕದಿಂದ, ಎದುರಿನಿಂದ ತೋರಿಸುವ ನಕ್ಷೆಗಳಲ್ಲಿ ನನಗೆ ಸಿಕ್ಕವು ಸೊಂಟದ, ಅಂದರೆ ಒಡಲು ನಡುವಿನಲ್ಲಿ ಸಣ್ಣಗಾಗುವ ಭಾಗದ, ವಿಷಯದಲ್ಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರಲ್ಲಿ ನಡು ಅತಿಯಾಗಿ ಸಣ್ಣ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ನೇರ. ಹೀಗಾಗಿ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್ ಪಾರಂಪರಿಕ ಕೇಂದ್ರಕ್ಕೆ ಹಲವು ಭಾನುವಾರ ಹೋದೆ. ಮೂಗಿನ ನೇರಕ್ಕೆ ನಿಂತು, ಬಾಲದ ನೇರಕ್ಕೆ ನಿಂತು, ಸಾಧ್ಯವಾದಷ್ಟು ದೂರದಿಂದ ಜೂಮ್ ಹಾಕಿ ಚಿತ್ರ ತೆಗೆದೆ. ಹತ್ತಿರದಿಂದ ತೆಗೆದರೆ ಅಂಚುಗಳು ಸುಳ್ಳು ಹೇಳುತ್ತವೆ. ಒಟ್ಟು ಉದ್ದ 15.87 ಮೀಟರ್ ಎಂಬುದು ಗೊತ್ತಿರುವ ಅಳತೆ. ಅದನ್ನು ಆಧಾರವಾಗಿಟ್ಟು ಚಿತ್ರದಿಂದ ಉಳಿದ ಅಗಲಗಳನ್ನು ತೆಗೆದೆ. ತಗಡಿನ ಜೋಡಣೆಯ ಗೆರೆಗಳು ಇದಕ್ಕೆ ಬಹಳ ನೆರವಾದವು. ಆ ಗೆರೆಗಳಿರುವ ಕಡೆಯೇ ಒಡಲನ್ನು ಕಟ್ಟುವ ನನ್ನ ಕಾಗದದ ಉಂಗುರಗಳ ಅಂಚು ಬರುವಂತೆ ನೋಡಿಕೊಂಡೆ. ಕಾಗದದ ಕೂಡುಗೆರೆ ತಗಡಿನ ಗೆರೆಯ ಮೇಲೆ ಬಿದ್ದರೆ ಕಣ್ಣು ಅದನ್ನು ಪ್ರಶ್ನಿಸುವುದಿಲ್ಲ.

ಈಗ ಸೊಂಟಕ್ಕೆ ಬರುತ್ತೇನೆ. ಸಾಮಾನ್ಯ ವಿಧಾನದಲ್ಲಿ ಒಡಲನ್ನು ಹತ್ತು ಹನ್ನೆರಡು ಶಂಕುತುಂಡುಗಳಾಗಿ (ತುದಿ ಕತ್ತರಿಸಿದ ಶಂಕುವಿನಂಥ ಉಂಗುರಗಳಾಗಿ) ಬಿಡಿಸಿ, ಒಡಲಿನೊಳಗೆ ಅಡ್ಡಲಾಗಿ ನಿಲ್ಲಿಸಿದ ಅಡ್ಡಫಲಕಗಳ ಮೇಲೆ ಅಂಚಿಗೆ ಅಂಚು ತಾಗಿಸಿ ಕೂರಿಸುತ್ತೇವೆ. ಮಾರುತ್‌ನಲ್ಲಿ ಹಾಗೆ ಮಾಡಿದರೆ ನಡುವಿನಲ್ಲಿ ಮೂರು ನಾಲ್ಕು ಕಡೆ ಮೊಣಕೈ ಮುರಿದಂತೆ ಕಾಣುತ್ತದೆ. ಉಂಗುರಗಳನ್ನು ಎಂಟು ಮಿಲಿಮೀಟರಿಗೆ ಕಿರಿದು ಮಾಡಿದಾಗ ಬಾಗು ಚೆನ್ನಾಗಿ ಬಂತು, ಆದರೆ ಕೂಡುಗೆರೆಗಳು ಮೈತುಂಬ ಬಂದವು. ಅಷ್ಟೊಂದು ಅಂಟು ಹೀರಿಕೊಂಡ ಒಡಲು ಒಣಗುವಾಗ ಎಡಕ್ಕೆ ತಿರುಚಿತು. ಉದ್ದುದ್ದ ಪಟ್ಟಿಗಳಾಗಿ ಬಿಡಿಸುವ ವಿಧಾನವೂ ಇದೆ. ಅದರಲ್ಲಿ ಸೊಂಟದ ಬಾಗು ನಯವಾಗಿ ಬರುತ್ತದೆ, ಆದರೆ ಅಡ್ಡಕ್ಕೆ ನೋಡಿದರೆ ಒಡಲು ದುಂಡಗಿರದೆ ಹಲವು ಮುಖಗಳ ಕಂಬವಾಗುತ್ತದೆ. ಟಿಶ್ಯೂ ಕಾಗದವನ್ನು ಪದರ ಪದರವಾಗಿ ಅಚ್ಚಿನ ಮೇಲೆ ಅಂಟಿಸಿಯೂ ನೋಡಿದೆ. ಆಕಾರ ಅದ್ಭುತವಾಗಿ ಬಂತು. ಆದರೆ ಅದರ ಮೇಲೆ ಮುದ್ರಿಸಲು ಆಗುವುದಿಲ್ಲ, ಬಣ್ಣ ಬಳಿಯಲೇಬೇಕು. ಬಳಿದ ಮೇಲೆ ಅದು ಕಾಗದದ ಮಾದರಿಯೆಂದು ಯಾರಿಗೆ ಹೇಳುವುದು? ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಕಾಗದದ ನಾರು. ಒದ್ದೆಯಾದಾಗ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ನಾರಿನ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ. ಇದು ನಮಗೆಲ್ಲ ಗೊತ್ತಿರುವುದೇ. ರೆಕ್ಕೆ ಸೊಟ್ಟಗಾದಾಗ ಬೈದುಕೊಳ್ಳುವುದು ಇದನ್ನೇ. ನಾನು ಅದನ್ನು ಕೆಲಸಕ್ಕೆ ಹಚ್ಚಿದೆ. ನಾರು ವಿಮಾನದ ಉದ್ದಕ್ಕೆ ಬರುವಂತೆ ತುಂಡನ್ನು ಇಟ್ಟರೆ, ಹಿಗ್ಗುವುದು ಉಂಗುರದ ಸುತ್ತಳತೆ. ಸೊಂಟದ ಉಂಗುರಕ್ಕೆ ಬೇಕಾಗಿರುವುದೂ ಅದೇ: ನಡುಭಾಗ ಇದ್ದ ಹಾಗೆ ಇರಬೇಕು, ಎರಡೂ ಅಂಚು ಸ್ವಲ್ಪ ಹಿಗ್ಗಬೇಕು. ಲೆಕ್ಕ ಹಾಕಿದಾಗ 15 ಸೆಂ.ಮೀ. ಸುತ್ತಳತೆಗೆ ಅಂಚು ಹಿಗ್ಗಬೇಕಾದದ್ದು ಒಂದು ಮಿಲಿಮೀಟರಿಗಿಂತ ಕಡಿಮೆ. ಅಷ್ಟನ್ನು 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಐವರಿ ಶೀಟ್ ಎಂಬ ದಪ್ಪ ಕಾಗದ ಆರಾಮವಾಗಿ ಕೊಡುತ್ತದೆ. ಉಂಗುರದ ಅಗಲ 18ರಿಂದ 20 ಮಿ.ಮೀ. ಇಟ್ಟರೆ ಸರಿ, 25 ದಾಟಿದರೆ ಅಂಚಿನಲ್ಲಿ ನಿರಿಗೆ ಬೀಳುತ್ತದೆ. ತುಂಡನ್ನು ಬಿಡಿಸುವಾಗ ನಡುವಿನ ಸುತ್ತಳತೆಯನ್ನು ಹಿಡಿದು ಬಿಡಿಸಬೇಕು, ಅಂಚಿನದನ್ನಲ್ಲ.

ಹಿಂಬದಿಯನ್ನು ಮಾತ್ರ ತೇವ ಮಾಡಿ, ಗುಂಡುತುದಿಯ ಕಡ್ಡಿಯಿಂದ ಅಂಚುಗಳನ್ನು ಉಜ್ಜುತ್ತೇನೆ. ನಂತರ ಅಚ್ಚಿನ ಮೇಲೆ ಸುತ್ತಿ, ಬಟ್ಟೆಯ ಪಟ್ಟಿ ಕಟ್ಟಿ ರಾತ್ರಿಯಿಡೀ ಬಿಡುತ್ತೇನೆ. ಅಚ್ಚಿನ ಮೇಲೆಯೇ ಒಣಗಬೇಕು. ಬಿಡಿಯಾಗಿ ಒಣಗಿದರೆ ಹಿಗ್ಗಿದ್ದೆಲ್ಲ ಮತ್ತೆ ಕುಗ್ಗುತ್ತದೆ. ಮಿಲ್ ಬೋರ್ಡಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಮರಳು ಕಾಗದದಿಂದ ಉಜ್ಜಿ, ವಾರ್ನಿಷ್ ಕುಡಿಸಿದರೆ ಅಚ್ಚು ಸಿದ್ಧ. ತೇವಕ್ಕೆ ಬಳಸುವುದು ಬರಿಯ ನೀರಲ್ಲ. ಅದರಲ್ಲಿ ಏನನ್ನು ಎಷ್ಟು ಬೆರೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಬರಿಯ ನೀರಿನಲ್ಲಿಯೂ ಕೆಲಸವಾಗುತ್ತದೆ, ಮೇಲ್ಮೈ ಸ್ವಲ್ಪ ಒರಟಾಗುತ್ತದೆ ಅಷ್ಟೆ.

ಹಣ ಹೋದದ್ದು ಹೆಚ್ಚಾಗಿ ಮುದ್ರಣಕ್ಕೆ. ಸಾಧಾರಣ ಇಂಕ್‌ಜೆಟ್ ಮಸಿ ತೇವ ತಾಗಿದೊಡನೆ ಹರಡಿ, ಕ್ಯಾಮೊಫ್ಲಾಜ್‌ನ ಹಸಿರು ಬೂದುಬಣ್ಣಕ್ಕೆ ನುಗ್ಗಿತು. ಲೇಸರ್ ಮುದ್ರಣದಲ್ಲಿ ಮಸಿ ಹರಡುವುದಿಲ್ಲ, ಆದರೆ ಉಜ್ಜಿದಾಗ ಬಿರುಕು ಬಿಟ್ಟು ಬಿಳಿಯ ಎಳೆಗಳು ಕಾಣುತ್ತವೆ. ಪಿಗ್ಮೆಂಟ್ ಮಸಿಯ ಮುದ್ರಣವೊಂದೇ ನಿಂತದ್ದು. ಒಂದು ಎ3 ಹಾಳೆಗೆ ಐವತ್ತು ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಒಂದು ಮುದ್ರಣದ ಅಂಗಡಿಯವರು ಕೇಳದೆಯೇ ಹಾಳೆಗೆ ಹೊಂದುವಂತೆ ಚಿತ್ರವನ್ನು ಶೇಕಡಾ ಮೂರರಷ್ಟು ಕುಗ್ಗಿಸಿಬಿಟ್ಟಿದ್ದರು. ಅಡ್ಡಫಲಕಗಳು ಮೈಯೊಳಗೆ ಹೋಗದೆ ನಿಂತಾಗ ಅದು ತಿಳಿಯಿತು. ಇಡೀ ಕಂತೆ ವ್ಯರ್ಥ. ಅಂದಿನಿಂದ ಪ್ರತಿ ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಹಾಕಿ, ಅಂಗಡಿಯಲ್ಲಿಯೇ ಅಳತೆಪಟ್ಟಿ ಇಟ್ಟು ನೋಡಿದ ಮೇಲೆ ಹಣ ಕೊಡುತ್ತೇನೆ. ಐವರಿ ಶೀಟು ಮತ್ತು ಬೋರ್ಡನ್ನು ಸುಲ್ತಾನಪೇಟೆಯಲ್ಲಿ ಮದುವೆ ಕಾರ್ಡಿನ ವ್ಯಾಪಾರಿಗಳ ಬಳಿ ತರುತ್ತೇನೆ. ಕಲಾ ಸಾಮಗ್ರಿಯ ಅಂಗಡಿಯ ಬೆಲೆಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ, ಹಾಳೆಯನ್ನು ಬಾಗಿಸಿ ನಾರಿನ ದಿಕ್ಕನ್ನು ಪರೀಕ್ಷಿಸಲೂ ಬಿಡುತ್ತಾರೆ. ಬ್ಲೇಡಿಗೆ ಔಷಧಿ ಅಂಗಡಿಯ 11ನೇ ನಂಬರ್ ಸರ್ಜಿಕಲ್ ಬ್ಲೇಡ್ ಸಾಕು. ಎಲ್ಲ ಸೇರಿ ಆರು ಸಾವಿರ ರೂಪಾಯಿಯಷ್ಟು ಖರ್ಚಾಗಿರಬೇಕು. ಅದರಲ್ಲಿ ಈಗ ಕಪಾಟಿನಲ್ಲಿ ನಿಂತಿರುವ ಮಾದರಿಗೆ ತಗುಲಿದ್ದು ಸಾವಿರವೂ ಇಲ್ಲ.

ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ ಒಳಹೋಗುವ ಬಾಯಿಗಳ ಮುಂದಿನ ಅರ್ಧಶಂಕುಗಳನ್ನು ಮೊದಲು ಕೂರಿಸಿ, ಅನಂತರ ಬಾಯಿಯ ತುಟಿಯನ್ನು ಕೂರಿಸಬೇಕು. ತಿರುಗುಮುರುಗಾದರೆ ಕೈ ಒಳಗೆ ಹೋಗುವುದಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳ ಬಾಯಿ ಬಾಲದಲ್ಲಿ ಪಕ್ಕಪಕ್ಕದಲ್ಲಿವೆ. ಅವುಗಳ ನಡುವಿನ ಕಣಿವೆ 80 ಜಿಎಸ್‌ಎಂ ಕಾಗದದಲ್ಲಿ ಮಾತ್ರ ಸರಿಯಾಗಿ ಬರುತ್ತದೆ. ಗಾಲಿಯ ಕಾಲುಗಳು ಉಕ್ಕಿನ ತಂತಿಯ ಮೇಲೆ ಸುತ್ತಿದ ಕಾಗದ. ಕಾಕ್‌ಪಿಟ್‌ನ ಗಾಜಿಗೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಅಚ್ಚಿಗೆ ಒತ್ತಿದ್ದೇನೆ.

ಕೆಲಸದ ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಮಾರುತ್ ಎಂಜಿನ್ ಹೊತ್ತು ಹಾರುವ ಮೊದಲು, 1959ರಲ್ಲಿ, ಅದರ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಮಾಡಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿದ್ದರು. ಮರದ್ದು ಹಾರಿತು ಎಂದಮೇಲೆ ಕಾಗದದ್ದು ಏಕೆ ಹಾರಬಾರದು ಎಂದುಕೊಂಡು, ಅರ್ಧ ಅಳತೆಯಲ್ಲಿ, ಅಡ್ಡಫಲಕಗಳನ್ನು ಬಹುಪಾಲು ಬಿಟ್ಟು, 120 ಜಿಎಸ್‌ಎಂನಲ್ಲಿ ಒಂದನ್ನು ಮಾಡಿದೆ. ಮೂಗಿಗೆ ಸೀಸದ ತೂಕ ಹಾಕುತ್ತ ಹೋದಂತೆ ಹಾರಾಟ ಸುಧಾರಿಸಿತು. ಒಳ್ಳೆಯ ಎಸೆತಕ್ಕೆ ಹತ್ತು ಮೀಟರಿನ ಹತ್ತಿರ ನೇರವಾಗಿ ಹೋಗುತ್ತಿತ್ತು. ಅಷ್ಟು ಸಣ್ಣ ರೆಕ್ಕೆಗೆ ಅದು ಕಡಿಮೆ ಸಾಧನೆಯಲ್ಲ. ತೂಕವನ್ನು ಎಲ್ಲಿ ಇಡಬೇಕೆಂಬುದು ಪ್ರತಿ ಮಾದರಿಗೂ ಬೇರೆ. ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು.

ಮೈಮೇಲಿನ ಗುರುತುಗಳಿಗೆ ಭಾರತೀಯ ವಾಯುಪಡೆಯ 10ನೇ ಸ್ಕ್ವಾಡ್ರನ್ ಅನ್ನು ಆರಿಸಿಕೊಂಡೆ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದ ಮಾರುತ್ ಪಡೆಗಳಲ್ಲಿ ಅದೂ ಒಂದು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಒಡಲಿಗೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ ಎಂದು ಮಾರುತ್ ಅನ್ನು ಹಳಿಯುವವರಿದ್ದಾರೆ. ಆ ಒಡಲನ್ನು ಉಂಗುರ ಉಂಗುರವಾಗಿ ಕಟ್ಟಿದ ನನಗೆ ಅದರ ರೂಪದಲ್ಲಿ ಒಂದು ಗೆರೆಯೂ ಹೆಚ್ಚಾಯಿತು ಎನಿಸಿಲ್ಲ.

ಈಗ ಮೇಜಿನ ಮೇಲಿರುವುದು ಇಬ್ಬರು ಕೂರುವ ತರಬೇತಿ ಮಾದರಿಯ ಕೆಲಸ. ಅದರಲ್ಲಿ ಎರಡನೆಯ ಆಸನಕ್ಕೆ ಜಾಗ ಮಾಡಲು, ಒಡಲಿನೊಳಗಿದ್ದ ರಾಕೆಟ್‌ಗಳ ಪೆಟ್ಟಿಗೆಯನ್ನು ತೆಗೆದಿದ್ದರು. ಹೀಗಾಗಿ ಕಾಕ್‌ಪಿಟ್‌ನ ಸುತ್ತಲಿನ ನಾಲ್ಕೈದು ಉಂಗುರಗಳನ್ನು ಹೊಸದಾಗಿ ಬಿಡಿಸುತ್ತಿದ್ದೇನೆ. ಸೊಂಟದ ಉಂಗುರಗಳಿಗೂ ಅಚ್ಚಿಗೂ ಕೈ ಹಚ್ಚುವ ಅಗತ್ಯ ಬಿದ್ದಿಲ್ಲ.