ಟ್ರೋಲಿಂಗ್ ಮೋಟರ್ ಬ್ಯಾಟರಿಗೆ ಚಾರ್ಜರ್: ಒಂದು ಬ್ಯಾಂಕಿಗೆ ಎಷ್ಟು ಆಂಪ್ ಅಂತ ಕೇಳಿ

ಇಲ್ಲಿ ಡ್ಯಾಲಸ್ ಕಡೆ ನಮ್ಮ ಗೆಳೆಯರಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಬಾಸ್ ಬೋಟ್ (ಬಾಸ್ ಮೀನು ಹಿಡಿಯುವ ದೋಣಿ) ಮನೆಗೆ ತಂದರೆ ನನಗೊಂದು ಫೋನ್ ಬರುತ್ತದೆ. "ಹಳೇ ಚಾರ್ಜರ್ ಹೋಗಿದೆ ಮಾರಾಯ, ಯಾವ ಕಂಪನಿಯದ್ದು ಹಾಕಿಸಲಿ?" ಕಂಪನಿ ಆಮೇಲೆ. ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಗಳ ಫೋಟೋ ಕಳಿಸು ಅನ್ನುತ್ತೇನೆ.

ಎಷ್ಟು ಬ್ಯಾಟರಿ ಇವೆಯೋ ಅಷ್ಟು ಬ್ಯಾಂಕ್ ಇರುವ ಚಾರ್ಜರ್ ಬೇಕು. ಬ್ಯಾಂಕ್ ಅಂದರೆ ಒಂದು ಬ್ಯಾಟರಿಗೆ ಹೋಗುವ ಚಾರ್ಜರಿನ ಒಂದು ಔಟ್‌ಪುಟ್. ಟ್ರೋಲಿಂಗ್ ಮೋಟರ್ ಅಂದರೆ ಬೋಟನ್ನು ಮೆಲ್ಲಗೆ ನಡೆಸುವ ಚಿಕ್ಕ ಕರೆಂಟ್ ಮೋಟರ್. 55 ಪೌಂಡ್ ಥ್ರಸ್ಟ್ (ತಳ್ಳುವ ಬಲ) ಇರುವ ಮೋಟರ್ 12 ವೋಲ್ಟಿನದು, ಅದಕ್ಕೆ ಒಂದೇ ಬ್ಯಾಟರಿ ಸಾಕು. 80 ಪೌಂಡಿನದು 24 ವೋಲ್ಟ್, ಎರಡು ಬ್ಯಾಟರಿ. 112 ಪೌಂಡಿನದು 36 ವೋಲ್ಟ್, ಮೂರು. ದೊಡ್ಡ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಇದಕ್ಕೆ ಸೇರಿಸಿಕೊಳ್ಳಿ. ಹಾಗಾಗಿ 24 ವೋಲ್ಟಿನ ಬಾಸ್ ಬೋಟಿಗೆ ಮೂರು ಬ್ಯಾಂಕಿನ ಚಾರ್ಜರ್. ಚಪ್ಪಟೆ ತಳದ ಪುಟ್ಟ ಜಾನ್ ಬೋಟಿನಲ್ಲಿ ಒಂದೇ ಬ್ಯಾಟರಿ ಇದ್ದರೆ ಸುಮ್ನೆ ದುಡ್ಡು ಸುರಿಯಬೇಡಿ. ಬ್ಯಾಟರಿ ಎತ್ತಿಕೊಂಡು ಹೋಗಿ ಗ್ಯಾರೇಜಿನಲ್ಲಿ ಸಾಧಾರಣ ಚಾರ್ಜರಿಗೆ ಹಾಕಿದರೆ ಆಯಿತು.

ಎರಡು ಬ್ಯಾಟರಿ ಸೀರೀಸ್‌ನಲ್ಲಿವೆ, ಚಾರ್ಜ್ ಮಾಡುವಾಗ ನಡುವಿನ ವೈರ್ ಬಿಚ್ಚಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಒಳ್ಳೆಯ ಚಾರ್ಜರಿನಲ್ಲಿ ಪ್ರತಿ ಬ್ಯಾಂಕೂ ಬೇರೆ ಬೇರೆಯಾಗಿಯೇ ಕೆಲಸ ಮಾಡುತ್ತದೆ. ಒಂದು ಬ್ಯಾಂಕಿನ ಕೆಂಪು, ಕಪ್ಪು ವೈರ್ ಎರಡೂ ಒಂದೇ ಬ್ಯಾಟರಿಗೆ ಹೋಗಬೇಕು, ಅಷ್ಟೇ.

ಈಗ ಜನ ಎಡವುವ ಜಾಗಕ್ಕೆ ಬರೋಣ. ಡಬ್ಬದ ಮೇಲೆ ದೊಡ್ಡದಾಗಿ 15 ಆಂಪ್ ಅಂತ ಇರುತ್ತದೆ. ಹೆಚ್ಚಿನ ಕಡೆ ಅದು ಎಲ್ಲ ಬ್ಯಾಂಕ್ ಸೇರಿಸಿದ ಲೆಕ್ಕ. ಮಿನ್ ಕೋಟಾ ಕಂಪನಿಯ ಎಂಕೆ 315ಡಿ ಚಾರ್ಜರ್ ನೋಡಿ. ಮೊದಲ ಅಂಕಿ 3 ಅಂದರೆ ಮೂರು ಬ್ಯಾಂಕ್. ಉಳಿದ 15 ಅಂದರೆ ಒಟ್ಟು ಆಂಪ್. ಒಂದು ಬ್ಯಾಟರಿಗೆ ಸಿಗುವುದು 5 ಆಂಪ್ ಮಾತ್ರ. ಅದೇ ಸಾಲಿನ ಎಂಕೆ 330ಡಿ ಪ್ರತಿ ಬ್ಯಾಟರಿಗೆ 10 ಆಂಪ್ ಕೊಡುತ್ತದೆ. ಹೊರಗಿಂದ ಎರಡೂ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಟೆಕ್ಸಸ್‌ನ ಲೇಕ್ ಫೋರ್ಕ್‌ನಂಥ ಕೆರೆಗೆ ಹೋದಾಗ ಗೊತ್ತಾಗುತ್ತದೆ. ಅಲ್ಲಿ ನೀರೊಳಗೆ ಸತ್ತ ಮರಗಳು ಇನ್ನೂ ನಿಂತೇ ಇವೆ. ಅವುಗಳ ನಡುವೆ ಬೆಳಗಿನಿಂದ ಸಂಜೆಯವರೆಗೂ ಟ್ರೋಲಿಂಗ್ ಮೋಟರಿನದ್ದೇ ಓಡಾಟ. ಗಾಳಿ ಇದ್ದರೆ, ಬೋಟನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ಸ್ಪಾಟ್ ಲಾಕ್ ಹಾಕಿದಷ್ಟು ಹೊತ್ತೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. 100 ಆಂಪ್-ಅವರ್ ಬ್ಯಾಟರಿಯಲ್ಲಿ 60 ಖರ್ಚಾಯಿತು ಅಂತಿಟ್ಟುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಗೆ ತೆಗೆದದ್ದಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಹಾಕಬೇಕು, ಸುಮಾರು 70. 5 ಆಂಪ್ ಚಾರ್ಜರಿಗೆ ಅದು 14 ಗಂಟೆಯ ಕೆಲಸ. 10 ಆಂಪ್ ಆದರೆ 7 ಗಂಟೆ. ಅದರ ಮೇಲೆ ಇನ್ನೊಂದೆರಡು ಗಂಟೆ ಸೇರಿಸಿ, ಯಾಕೆಂದರೆ ಕೊಡ ತುಂಬುತ್ತಾ ಬಂದಾಗ ನಾವು ನಲ್ಲಿ ಸಣ್ಣ ಮಾಡುವಂತೆ ಚಾರ್ಜರ್ ಕೂಡ ಕೊನೆಯಲ್ಲಿ ಕರೆಂಟ್ ಇಳಿಸುತ್ತದೆ. ರಾತ್ರಿ 8ಕ್ಕೆ ಮನೆ ಸೇರಿ ಮರುದಿನ ಬೆಳಿಗ್ಗೆ 5ಕ್ಕೆ ಹೊರಡುವವರಿಗೆ 10 ಆಂಪಿಗಿಂತ ಕಡಿಮೆ ಬೇಡವೇ ಬೇಡ. ಶನಿವಾರಕ್ಕೊಮ್ಮೆ ಮಾತ್ರ ಹೋಗುವವರಿಗೆ 5 ಆಂಪ್ ನಡೆಯುತ್ತದೆ. ಹಾಗಂತ ಆಂಪ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಅಂತಲೂ ಇಲ್ಲ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿಗೆ ಅದರ ಆಂಪ್-ಅವರ್‌ನ 20 ಪರ್ಸೆಂಟ್ ಒಳಗಿದ್ದರೆ ಸರಿ. ಮೀರಿದರೆ ಬಿಸಿಯಾಗುತ್ತದೆ, ನೀರು ಬೇಗ ಇಳಿಯುತ್ತದೆ.

ಬ್ಯಾಟರಿಯ ಜಾತಿಯನ್ನೂ ನೋಡಲೇಬೇಕು. ನೀರು ಹಾಕುವ ಬ್ಯಾಟರಿಗೂ ಎಜಿಎಂಗೂ (ನೀರು ಹಾಕಬೇಕಿಲ್ಲದ, ಮುಚ್ಚಿದ ಲೆಡ್ ಆಸಿಡ್) ಬೇಕಾದ ವೋಲ್ಟೇಜ್ ಸಾಮಾನ್ಯವಾಗಿ 14.4 ಆಸುಪಾಸು, ಆದರೆ ಒಂದು ಚೂರು ವ್ಯತ್ಯಾಸ ಇರುತ್ತದೆ. ಲಿಥಿಯಂಗೆ ಲಿಥಿಯಂ ಮೋಡ್ ಇರುವ ಚಾರ್ಜರನ್ನೇ ಹಾಕಿ. ಹಳೇ ಚಾರ್ಜರುಗಳಲ್ಲಿ ಸಲ್ಫೇಟ್ ಬಿಡಿಸಲು ಜಾಸ್ತಿ ವೋಲ್ಟೇಜ್ ಕೊಡುವ ಹಂತ ಇರುತ್ತದೆ. ಅದು ಲಿಥಿಯಂಗೆ ಒಳ್ಳೆಯದಲ್ಲ. ಈಗ ತುಂಬಾ ಜನ ಟ್ರೋಲಿಂಗ್ ಮೋಟರಿಗೆ ಲಿಥಿಯಂ ಹಾಕಿ, ಎಂಜಿನ್ನಿಗೆ ಹಳೇ ಲೆಡ್ ಆಸಿಡ್ಡನ್ನೇ ಉಳಿಸಿಕೊಳ್ಳುತ್ತಾರೆ. ಅಂಥವರು ಪ್ರತಿ ಬ್ಯಾಂಕಿಗೂ ಬೇರೆ ಮೋಡ್ ಇಡಲು ಬರುತ್ತದಾ ಅಂತ ವಿಚಾರಿಸಿಯೇ ಕೊಳ್ಳಿ. ಎರಡು ಬ್ಯಾಟರಿ ಬದಲು 24 ವೋಲ್ಟಿನ ಒಂದೇ ಲಿಥಿಯಂ ಇದ್ದರೆ 12 ವೋಲ್ಟಿನ ಬ್ಯಾಂಕ್ ಅದಕ್ಕೆ ಉಪಯೋಗವಿಲ್ಲ.

ಟೆಕ್ಸಸ್ ಸೆಖೆಗೆ ಇನ್ನೊಂದು ಮಾತು. ಆಗಸ್ಟ್‌ನಲ್ಲಿ ಮುಚ್ಚಿದ ಗ್ಯಾರೇಜ್ 40 ಡಿಗ್ರಿ ದಾಟುವುದು ಮಾಮೂಲಿ. ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿಯಲ್ಲಿ ಕೊಡುವುದಕ್ಕಿಂತ ಆಗ ಸುಮಾರು ಕಾಲಿನಿಂದ ಅರ್ಧ ವೋಲ್ಟ್ ಕಡಿಮೆ ಕೊಡಬೇಕು. ಬಿಸಿ ನೋಡಿ ವೋಲ್ಟೇಜ್ ತಾನೇ ಇಳಿಸಿಕೊಳ್ಳುವ ಚಾರ್ಜರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಮಿನೆಸೋಟಾದಂಥ ಚಳಿ ಊರಿನವರ ಚಿಂತೆ ಬೇರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು.

ಕೊಳ್ಳುವ ಮೊದಲು ಅದನ್ನು ಕೂರಿಸುವ ಜಾಗ ಅಳೆಯಿರಿ. ಚಾರ್ಜರಿನ ವೈರ್ ಬ್ಯಾಟರಿ ಮುಟ್ಟಬೇಕು, ಸುತ್ತ ಗಾಳಿ ಆಡಬೇಕು. ನೀರು ಹಾಕುವ ಬ್ಯಾಟರಿಗಳ ನೇರ ಮೇಲೆ ಬೇಡ, ಅವುಗಳಿಂದ ಏಳುವ ಗ್ಯಾಸ್ ಚಾರ್ಜರನ್ನು ತಿನ್ನುತ್ತದೆ. ಐಪಿ67 ಅಥವಾ ಐಪಿ68 (ನೀರು, ಧೂಳು ಒಳಹೋಗದು ಅನ್ನುವ ಗುರುತು) ಅಂತ ಬರೆದಿರುವುದನ್ನೇ ಆರಿಸಿ. ವೈರ್ ಉದ್ದ ಆಯಿತು ಅಂತ ಕತ್ತರಿಸುವಾಗ ಬ್ಯಾಟರಿ ಹತ್ತಿರದ ಫ್ಯೂಸ್ ಕಿತ್ತುಹಾಕಬೇಡಿ. ಗೋಡೆಯ ಪ್ಲಗ್ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿಯುವಂಥದ್ದು) ಆಗಿರಲಿ. ಎಕ್ಸ್‌ಟೆನ್ಷನ್ ವೈರನ್ನು ಮೊದಲು ಬೋಟಿಗೆ ಸಿಕ್ಕಿಸಿ ಆಮೇಲೆ ಗೋಡೆಗೆ ಹಾಕಿ.

ಕೆರೆಯಿಂದ ಬಂದ ರಾತ್ರಿಯೇ ಚಾರ್ಜಿಗೆ ಹಾಕಿ, ಎಷ್ಟೇ ಸುಸ್ತಾಗಿರಲಿ. ಖಾಲಿ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೇ ಬಿಟ್ಟಷ್ಟೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಬಿಡುವುದಿಲ್ಲ. ಹೊಸ ಚಾರ್ಜರ್ ಹಾಕಿದ ಮೊದಲ ಸಲ, ಚಾರ್ಜ್ ಪೂರ್ತಿ ಆಗಿ ಪ್ಲಗ್ ಕಿತ್ತು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದು ನೋಡಿ. ಲೆಡ್ ಆಸಿಡ್ ಆದರೆ 12.6ಕ್ಕಿಂತ ಮೇಲಿರಬೇಕು. ಜೋಡಿಯಲ್ಲಿ ಒಂದು ಸರಿಯಾಗಿದ್ದು ಇನ್ನೊಂದು 12.2 ತೋರಿಸಿದರೆ, ಹೊಸ ಬ್ಯಾಟರಿ ತರಲು ಓಡುವ ಮೊದಲು ಆ ಬ್ಯಾಂಕಿನ ಫ್ಯೂಸ್ ನೋಡಿ.