ಏಟು ತಿಂದವನ ಕಡೆಯಿಂದ: ಹೊಡೆದಾಟದ ದೃಶ್ಯಗಳ ಸಂಕಲನದಲ್ಲಿ ನಾನು ಕಂಡದ್ದು

ಹೊಡೆದಾಟದ ದೃಶ್ಯವೊಂದು ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸುವಾಗ ನಾನು ನಾಯಕನನ್ನು ನೋಡುವುದಿಲ್ಲ, ಅವನಿಂದ ಏಟು ತಿನ್ನುವ ಫೈಟರನ್ನು ನೋಡುತ್ತೇನೆ. ಕನ್ನಡ ಚಿತ್ರಗಳ ಸಂಕಲನ ವಿಭಾಗದಲ್ಲಿ ಮೊದಲು ಸಹಾಯಕನಾಗಿ, ಆಮೇಲೆ ಸ್ವತಂತ್ರವಾಗಿ ಕೆಲಸ ಮಾಡುತ್ತ ಬಂದ ನನಗೆ, ಆ್ಯಕ್ಷನ್ ದೃಶ್ಯ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಅವನ ಮೈಯಲ್ಲೇ ತೀರ್ಮಾನವಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ನಾಯಕ ಎಷ್ಟೇ ರಭಸದಿಂದ ಕೈ ಬೀಸಿದರೂ ಎದುರಿನವನು ಆ ರಭಸವನ್ನು ತನ್ನ ಕುತ್ತಿಗೆಯಲ್ಲಿ, ಸೊಂಟದಲ್ಲಿ, ಕಾಲಿನಲ್ಲಿ ಬರಮಾಡಿಕೊಳ್ಳದಿದ್ದರೆ ಪರದೆಯ ಮೇಲೆ ಗಾಳಿಯಲ್ಲಿ ಕೈಯಾಡಿಸಿದಂತೆ ಕಾಣುತ್ತದೆಯೇ ಹೊರತು ಏಟು ಕಾಣುವುದಿಲ್ಲ.

ಸೆಟ್ಟಿನಲ್ಲಿ ಮುಷ್ಟಿಗೂ ಮುಖಕ್ಕೂ ನಡುವೆ ಸಾಮಾನ್ಯವಾಗಿ ಒಂದು ಗೇಣಿನಷ್ಟಾದರೂ ಅಂತರವಿರುತ್ತದೆ. ಕ್ಯಾಮೆರಾವನ್ನು ಹೊಡೆಯುವವನ ಅಥವಾ ತಿನ್ನುವವನ ಭುಜದ ಹಿಂದೆ ನಿಲ್ಲಿಸಿ, ಮುಷ್ಟಿಯು ಲೆನ್ಸಿಗೂ ಮುಖಕ್ಕೂ ನಡುವಿನ ನೇರ ಗೆರೆಯನ್ನು ದಾಟುವಂತೆ ಮಾಡಿದರೆ ಆ ಅಂತರ ಮಾಯವಾಗುತ್ತದೆ. ಮುಷ್ಟಿ ಗೆರೆಯನ್ನು ದಾಟುವ ಕ್ಷಣ ಮತ್ತು ಫೈಟರ್ ತಲೆ ತಿರುಗಿಸುವ ಕ್ಷಣ ಒಂದೇ ಆಗಿರಬೇಕು. ಫೈಟ್ ಮಾಸ್ಟರ್‌ಗಳು ಟೈಮಿಂಗ್ ಎಂದು ದಿನವಿಡೀ ಕೂಗುವುದು ಇದಕ್ಕಾಗಿಯೇ. ಸೆಕೆಂಡಿಗೆ 24 ಫ್ರೇಮುಗಳ, ಅಂದರೆ ಬಿಡಿ ಚಿತ್ರಗಳ, ಲೆಕ್ಕದಲ್ಲಿ ಒಂದು ಫ್ರೇಮು ಸುಮಾರು 42 ಮಿಲಿಸೆಕೆಂಡು. ತಲೆ ಎರಡು ಫ್ರೇಮು ತಡವಾಗಿ ತಿರುಗಿದರೆ ಪ್ರೇಕ್ಷಕ ಅದನ್ನು ಎಣಿಸಿ ಹೇಳಲಾರ, ಆದರೆ ಎಲ್ಲೋ ಸುಳ್ಳಿದೆ ಎಂಬುದು ಅವನಿಗೆ ತಿಳಿದುಬಿಡುತ್ತದೆ.

ಆ ಎರಡು ಫ್ರೇಮನ್ನು ಅಡಗಿಸುವುದು ಸಂಕಲನಕಾರನ ಕೆಲಸ. ನಾನು ಸಾಮಾನ್ಯವಾಗಿ ಮುಷ್ಟಿ ಗುರಿ ಮುಟ್ಟುವುದಕ್ಕೆ ಮುಂಚೆಯೇ ಆ ಶಾಟನ್ನು ಬಿಟ್ಟು, ನಡುವಿನ ಒಂದೆರಡು ಫ್ರೇಮು ನುಂಗಿ, ಮುಂದಿನ ಶಾಟನ್ನು ಫೈಟರ್‌ನ ತಲೆ ಆಗಲೇ ತಿರುಗತೊಡಗಿರುವಲ್ಲಿಂದ ಹಿಡಿಯುತ್ತೇನೆ. ಹಾಂಗ್‌ಕಾಂಗ್ ಚಿತ್ರಗಳವರು ಇದಕ್ಕೆ ತದ್ವಿರುದ್ಧವಾದ ಹಾದಿಯನ್ನು ರೂಢಿಸಿಕೊಂಡರು: ಏಟು ಬಿದ್ದ ಕೊನೆಯ ಕೆಲವು ಫ್ರೇಮುಗಳನ್ನು ಮುಂದಿನ ಕೋನದಲ್ಲಿ ಮತ್ತೊಮ್ಮೆ ತೋರಿಸುವುದು. ಕಣ್ಣು ಎರಡನ್ನೂ ಕೂಡಿಸಿಕೊಂಡು ಒಂದೇ ಏಟನ್ನು, ಆದರೆ ಹೆಚ್ಚು ತೂಕದ ಏಟನ್ನು ಕಾಣುತ್ತದೆ. ಚುರುಕಾದ ಸಣ್ಣ ಏಟುಗಳಿಗೆ ಮೊದಲನೆಯ ಕ್ರಮ ಒಗ್ಗುತ್ತದೆ. ಒಬ್ಬನನ್ನು ನೆಲಕ್ಕೆ ಕೆಡಹುವ ಏಟಿಗೆ ಎರಡನೆಯದು. ಇಡೀ ಫೈಟಿಗೆ ಒಂದೇ ಕ್ರಮ ಹಿಡಿದರೆ ಎಲ್ಲ ಏಟುಗಳೂ ಒಂದೇ ಅಳತೆಯವಾಗಿ, ಎರಡನೆಯ ನಿಮಿಷಕ್ಕೆ ಪ್ರೇಕ್ಷಕ ಮೊಬೈಲು ತೆಗೆಯುತ್ತಾನೆ.

ವೇಗದ ವಿಷಯದಲ್ಲಿ ನಮ್ಮವರಿಗೆ ಒಂದು ಹಳೆಯ ಚಟವಿದೆ. ಫೈಟನ್ನು 22 ಅಥವಾ 20 ಫ್ರೇಮಿನಲ್ಲಿ ಚಿತ್ರೀಕರಿಸಿ 24ರಲ್ಲಿ ತೋರಿಸಿದರೆ ಕೈಕಾಲು ಚುರುಕಾಗಿ ಕಾಣುತ್ತವೆ. 22ಕ್ಕೆ ಸುಮಾರು ಶೇಕಡಾ 9ರಷ್ಟು, 20ಕ್ಕೆ ಶೇಕಡಾ 20ರಷ್ಟು ವೇಗ ಹೆಚ್ಚುತ್ತದೆ. ಕೈ ಬೀಸುವುದಕ್ಕೆ ಇದು ನಡೆಯುತ್ತದೆ, ಬೀಳುವುದಕ್ಕೆ ನಡೆಯುವುದಿಲ್ಲ. ಮನುಷ್ಯ ಎಷ್ಟು ಬೇಗ ಕೈ ಬೀಸಬಲ್ಲ ಎಂಬುದಕ್ಕೆ ನಮ್ಮ ಕಣ್ಣಿನಲ್ಲಿ ಖಚಿತ ಅಳತೆಯಿಲ್ಲ. ಆದರೆ ವಸ್ತು ಎಷ್ಟು ಬೇಗ ಕೆಳಗೆ ಬೀಳುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದೇವೆ. ಒಂದು ಮೀಟರು ಎತ್ತರದಿಂದ ಬೀಳುವ ದೇಹ ನೆಲ ಮುಟ್ಟಲು ಅರ್ಧ ಸೆಕೆಂಡಿಗೂ ತುಸು ಕಡಿಮೆ, ಅಂದರೆ 11 ಫ್ರೇಮಿನಷ್ಟು ಹೊತ್ತು ಬೇಕು. 20 ಫ್ರೇಮಿನಲ್ಲಿ ತೆಗೆದರೆ ಅದು 9 ಫ್ರೇಮಿನಲ್ಲೇ ಮುಗಿದು, ಬಿದ್ದವನು ತೂಕವಿಲ್ಲದ ಬೊಂಬೆಯಾಗುತ್ತಾನೆ. ಆದ್ದರಿಂದ ಹೊಡೆಯುವ ಭಾಗವನ್ನು 22ರಲ್ಲಿ ತೆಗೆದಿದ್ದರೂ ಬೀಳುವ ಭಾಗವನ್ನು 24ರಲ್ಲೇ ತೆಗೆಯಿರಿ ಎಂದು ನಾನು ಮೊದಲೇ ಕೇಳಿಕೊಳ್ಳುತ್ತೇನೆ. ಹೈಸ್ಪೀಡ್, ಅಂದರೆ ಸೆಕೆಂಡಿಗೆ ಹೆಚ್ಚು ಫ್ರೇಮು ತೆಗೆದು ನಿಧಾನವಾಗಿ ತೋರಿಸುವ ಶಾಟುಗಳಿಗೆ ಇನ್ನೊಂದು ತೊಡಕು. 96 ಫ್ರೇಮಿನಲ್ಲಿ ತೆಗೆದರೆ ಚಲನೆ ನಾಲ್ಕು ಪಟ್ಟು ನಿಧಾನವಾಗಿ, ಮುಷ್ಟಿ ತಾಗಲೇ ಇಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಹೈಸ್ಪೀಡನ್ನು ಏಟಿನ ನಂತರಕ್ಕೆ, ಏಳುವ ಧೂಳಿಗೆ, ತೂರಾಡುವ ಮೈಗೆ ಇಟ್ಟುಕೊಳ್ಳುವುದು ಲೇಸು.

ರೋಪಿನ ಕೆಲಸವೂ ಕೆಡುವುದು ಇದೇ ಜಾಗದಲ್ಲಿ. ಎದೆಗೆ ಒದೆ ಬಿದ್ದವನು ಹಿಂದಕ್ಕೆ ಹಾರುವುದನ್ನು ದಕ್ಷಿಣದ ಪ್ರೇಕ್ಷಕರು ಒಪ್ಪಿಕೊಂಡು ಬಹುಕಾಲವಾಯಿತು, ಅದರಲ್ಲಿ ತಪ್ಪು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ರೋಪು ಕಟ್ಟಿರುವುದು ಸೊಂಟದ ಪಟ್ಟಿಗೆ. ಎಳೆದಾಗ ಮೊದಲು ಸೊಂಟ ಹೋಗುತ್ತದೆ, ತಲೆ ಮತ್ತು ಕಾಲು ಹಿಂದೆ ಉಳಿಯುತ್ತವೆ. ಒದೆ ಬಿದ್ದದ್ದು ಎದೆಗೆ, ಎಳೆತವಾದದ್ದು ಸೊಂಟಕ್ಕೆ ಎಂಬ ವ್ಯತ್ಯಾಸ ಹಾರಾಟದ ಮೊದಲ ಕೆಲವು ಫ್ರೇಮುಗಳಲ್ಲಷ್ಟೇ ಎದ್ದು ಕಾಣುತ್ತದೆ. ಆ ಫ್ರೇಮುಗಳ ಮೇಲೆ ಒದೆಯುವ ಕಾಲಿನ ಸಮೀಪದ ಶಾಟನ್ನು ಹಾಕಿ, ಕಾಲುಗಳು ನೆಲ ಬಿಟ್ಟ ನಂತರವೇ ಹಾರುವವನಿಗೆ ಬಂದರೆ ರೋಪು ಮರೆಯಾಗುತ್ತದೆ. ಗ್ರಾಫಿಕ್ಸಿನವರು ತಂತಿಯನ್ನು ಅಳಿಸಬಲ್ಲರು, ತಂತಿ ಎಳೆದ ದಿಕ್ಕನ್ನು ಅಳಿಸಲಾರರು.

ಇಷ್ಟೂ ಏಟು ಏಟಿನ ಲೆಕ್ಕವಾಯಿತು. ಇಡೀ ದೃಶ್ಯ ನಿಲ್ಲುವುದು ಹೇಗೆ ಎಂಬುದಕ್ಕೆ, ಮಂಡ್ಯ ಕಡೆಯ ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ತೆಗೆದ ಫೈಟನ್ನು ನಾನು ಜೋಡಿಸಿದ ಬಗೆಯನ್ನು ಹೇಳಬೇಕು. ನಾಯಕನ ತಮ್ಮನನ್ನು ತೂಕದ ಕೋಣೆಯಲ್ಲಿ ಕೂಡಿಹಾಕಲಾಗಿದೆ; ಬಾಗಿಲಿಗೂ ಆ ಕೋಣೆಗೂ ನಡುವೆ ಭತ್ತದ ಚೀಲಗಳ ಅಟ್ಟಿಗಳು, ಯಂತ್ರಗಳು, ಎಂಟು ಜನ. ಮಾಸ್ಟರ್ ಚೆನ್ನಾಗಿ ಕಂಪೋಸ್ ಮಾಡಿದ್ದರು, ಮೂರು ಕ್ಯಾಮೆರಾ ಓಡಿತ್ತು. ನಾನು ಮೊದಲು ಮಾಡಿದ್ದು ಸದ್ದನ್ನು ಪೂರ್ತಿ ಬಂದ್ ಮಾಡಿ, ಎಂಟು ಜನರಲ್ಲಿ ಯಾರು ಎಲ್ಲಿ ಬೀಳುತ್ತಾರೆ, ಬಿದ್ದವರಲ್ಲಿ ಯಾರು ಮತ್ತೆ ಏಳುತ್ತಾರೆ ಎಂದು ಒಂದು ಹಾಳೆಯಲ್ಲಿ ಗಿರಣಿಯ ನಕ್ಷೆ ಬರೆದು ಗುರುತಿಸಿದ್ದು. ನೋಡಿದಾಗ ತಿಳಿದದ್ದೇನೆಂದರೆ, ಆ ಬೀಳುವಿಕೆಗಳು ಬಾಗಿಲಿನಿಂದ ತೂಕದ ಕೋಣೆಯವರೆಗೆ ಒಂದು ದಾರಿಯಾಗಿ ಸಾಗಿದ್ದವು. ಅದೇ ದೃಶ್ಯದ ಬೆನ್ನೆಲುಬು. ಪ್ರೇಕ್ಷಕನಿಗೆ ನಾಯಕ ಎಷ್ಟು ಜನರನ್ನು ಹೊಡೆದ ಎಂಬುದಕ್ಕಿಂತ ಆ ಕೋಣೆ ಇನ್ನೆಷ್ಟು ದೂರ ಎಂಬುದು ತಿಳಿಯುತ್ತಿರಬೇಕಿತ್ತು.

ಹಾಗಾಗಿ ತೂಕದ ಕೋಣೆ ಸದಾ ಪರದೆಯ ಬಲಕ್ಕಿರುವಂತೆ ನೋಡಿಕೊಂಡೆ. ಮೂರನೆಯ ಕ್ಯಾಮೆರಾ ಎದುರು ಬದಿಯಿಂದ, ಯಂತ್ರಗಳ ಹಿಂದಿನಿಂದ ನೋಡುತ್ತಿತ್ತು. ಬೆಳಕಿನ ಕೋಲುಗಳ ನಡುವೆ ಹೊಟ್ಟಿನ ಧೂಳು ತೇಲುವ ಬಹಳ ಚೆಂದದ ಶಾಟುಗಳು ಅದರಲ್ಲಿದ್ದವು. ಆದರೆ ಆ ಬದಿಯಿಂದ ನೋಡಿದರೆ ನಾಯಕ ಬಲದಿಂದ ಎಡಕ್ಕೆ, ಅಂದರೆ ವಾಪಸ್ಸು ಹೋಗುತ್ತಿರುವಂತೆ ಕಾಣುತ್ತಿದ್ದ. ಒಂದನ್ನು ಬಿಟ್ಟು ಎಲ್ಲವನ್ನೂ ಬದಿಗಿಟ್ಟೆ. ಉಳಿಸಿಕೊಂಡ ಆ ಒಂದು ಶಾಟು, ಹಿಂದಿನಿಂದ ಕೂಗು ಕೇಳಿ ನಾಯಕ ತಾನೇ ತಿರುಗಿ ನಿಲ್ಲುವ ಜಾಗದ್ದು. ಅಲ್ಲಿ ದಿಕ್ಕು ಬದಲಾದದ್ದಕ್ಕೆ ಕಾರಣ ಪರದೆಯ ಮೇಲೇ ಇತ್ತು. ಧೂಳು ಇನ್ನೊಂದು ಫಜೀತಿ ತಂದಿತ್ತು. ಚೀಲದ ಅಟ್ಟಿಗೆ ಬೆನ್ನು ಬಡಿದ ಮೂರು ನಾಲ್ಕು ಫ್ರೇಮಿನ ನಂತರ ತೌಡಿನ ಧೂಳು ಎದ್ದು ಬಹಳ ಹೊತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ಒಂದು ಟೇಕಿನಲ್ಲಿ ಮಂಜಿನಂತೆ ಕವಿದಿದ್ದ ಧೂಳು ಮುಂದಿನ ಟೇಕಿನಲ್ಲಿ ಇರುತ್ತಿರಲಿಲ್ಲ, ಹೀಗಾಗಿ ಕೆಲವೆಡೆ ನಟನೆಗಿಂತ ಧೂಳನ್ನು ನೋಡಿ ಟೇಕು ಆರಿಸಬೇಕಾಯಿತು.

ನಿರ್ದೇಶಕರಿಗೂ ನನಗೂ ವಾದವಾದದ್ದು ಐದನೆಯವನ ವಿಷಯದಲ್ಲಿ. ಆ ಫೈಟರ್ ಅಟ್ಟಿಗೆ ಬಡಿದು ಕೆಳಗೆ ಬಿದ್ದವನು ಏಳಲು ಅಂಗೈ ಊರುತ್ತಾನೆ; ನೆಲದ ಮೇಲಿನ ತೌಡಿಗೆ ಅಂಗೈ ಜಾರುತ್ತದೆ; ಮತ್ತೊಮ್ಮೆ ಊರಿ, ನಾಯಕನ ಕಡೆಗಲ್ಲ, ಹೊರಬಾಗಿಲಿನ ಕಡೆ ನೋಡುತ್ತಾನೆ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನಿರ್ದೇಶಕರಿಗೆ ಆ ಹೊತ್ತಿಗೆ ನಾಯಕ ಹೈಸ್ಪೀಡಿನಲ್ಲಿ ನಡೆದು ಬರುವ ಶಾಟು ಬೇಕಿತ್ತು. “ಬಿದ್ದವನನ್ನು ಯಾರು ನೋಡ್ತಾರೆ, ಬಿಡಿ ಸರ್” ಎಂದರು. ನಾನು ಅಂಗೈ ಜಾರುವುದರಿಂದ ಕಣ್ಣು ಬಾಗಿಲಿನತ್ತ ಹೊರಳುವವರೆಗಿನ 30 ಫ್ರೇಮನ್ನು ಇಟ್ಟುಕೊಂಡು, ಆಮೇಲೆ ನಾಯಕನ ನಡಿಗೆಯನ್ನು ಹಾಕಿ ತೋರಿಸಿದೆ. ಒಂದೂಕಾಲು ಸೆಕೆಂಡಿನ ಆ ತುಣುಕಿನಿಂದ, ಇವನು ಇನ್ನು ಬರುವುದಿಲ್ಲ, ಉಳಿದ ಮೂವರಿಗೂ ಭಯ ಹತ್ತಿದೆ ಎಂಬುದು ಮಾತಿಲ್ಲದೆ ಗೊತ್ತಾಗುತ್ತಿತ್ತು; ಅದರ ಬೆನ್ನಿಗೆ ಬಂದ ನಡಿಗೆಗೆ ಸಂಗೀತದ ಎಲಿವೇಶನ್ ಇಲ್ಲದೆಯೇ ಗತ್ತು ಬಂದಿತ್ತು. ನಾಯಕನನ್ನು ಎತ್ತರಕ್ಕೇರಿಸಲು ನಾಯಕನ ಶಾಟುಗಳನ್ನೇ ಪೇರಿಸುವವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ, ತೋರಿಸಿದರೆ ಒಪ್ಪುತ್ತಾರೆ.

ಕಟ್‌ಗಳ ಸಂಖ್ಯೆ ಹೆಚ್ಚಾದದ್ದರಿಂದಲೇ ಇಂದಿನ ಫೈಟುಗಳು ಕೆಟ್ಟವು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರವನ್ನು ಮಾರ್ಗರೆಟ್ ಸಿಕ್ಸೆಲ್ ಸುಮಾರು 480 ಗಂಟೆಗಳಷ್ಟು ಚಿತ್ರಿಕೆಯಿಂದ ಕಡೆದು ತೆಗೆದರು, ಎರಡು ಗಂಟೆಯ ಆ ಚಿತ್ರದಲ್ಲಿ ಸುಮಾರು 2,700 ಶಾಟುಗಳಿವೆ, ಆದರೂ ಯಾರು ಯಾವ ಗಾಡಿಯ ಮೇಲಿದ್ದಾರೆ ಎಂಬ ಗೊಂದಲ ನೋಡುಗರಿಗೆ ಆಗುವುದಿಲ್ಲ. ಗಮನಿಸಬೇಕಾದದ್ದನ್ನು ಶಾಟಿನಿಂದ ಶಾಟಿಗೆ ಚೌಕಟ್ಟಿನ ನಡುಮಧ್ಯದಲ್ಲೇ ಇಟ್ಟದ್ದರಿಂದ ಪ್ರತಿ ಕಟ್‌ನಲ್ಲಿಯೂ ಕಣ್ಣು ಅಲೆದಾಡಬೇಕಾಗಿ ಬರುವುದಿಲ್ಲ. ನಮ್ಮಲ್ಲಿ ಒಂದು ಶಾಟಿನಲ್ಲಿ ಏಟು ಎಡ ಮೂಲೆಯಲ್ಲಿ, ಮುಂದಿನದರಲ್ಲಿ ಬಲ ಮೂಲೆಯಲ್ಲಿ ಇರುತ್ತದೆ. ಕಣ್ಣು ಅಲ್ಲಿಗೆ ತಲುಪುವಷ್ಟರಲ್ಲಿ ಶಾಟು ಮುಗಿದಿರುತ್ತದೆ. ಏಟು ತಿಂದವನನ್ನು ಯಾರೂ ಕಂಡಿರುವುದಿಲ್ಲ. ಇಂಥ ಜಾಗಗಳಲ್ಲಿ ನಾನು ಚಿತ್ರವನ್ನು ತುಸು ಹಿಗ್ಗಿಸಿ, ಮರುಚೌಕಟ್ಟು ಹಾಕಿ, ಹೊಸ ಶಾಟಿನ ಮುಖ್ಯ ಬಿಂದುವನ್ನು ಹಳೆಯದರ ಜಾಗಕ್ಕೆ ಎಳೆದು ತರುತ್ತೇನೆ. 2ಕೆಯ ಇಮ್ಮಡಿ ಅಗಲ, ಎತ್ತರದ 4ಕೆಯಲ್ಲಿ ತೆಗೆದು 2ಕೆಯಲ್ಲಿ ಮುಗಿಸುವ ಚಿತ್ರಗಳಲ್ಲಿ ಇದಕ್ಕೆ ಸಾಕಷ್ಟು ಅವಕಾಶವಿರುತ್ತದೆ.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೆಯವರ ವಿದ್ಯೆ. ದೊಡ್ಡ ಏಟಿಗೆ ಮುಂಚೆ ನಾಲ್ಕಾರು ಫ್ರೇಮಿನಷ್ಟು ಹೊತ್ತು ಎಲ್ಲ ಸದ್ದನ್ನೂ ತಗ್ಗಿಸಿದರೆ ಏಟು ಇಮ್ಮಡಿಯಾಗುತ್ತದೆ ಎಂಬುದಷ್ಟೇ ನನ್ನ ಬೇಡಿಕೆ. ಹಿನ್ನೆಲೆ ಸಂಗೀತ ಮೊದಲಿನಿಂದ ಕೊನೆಯವರೆಗೆ ಅರಚುತ್ತಿದ್ದರೆ ಅದಕ್ಕೂ ದಾರಿಯಿರುವುದಿಲ್ಲ.

ಇನ್ನು, ಯಾವ ಕೈಚಳಕದಿಂದಲೂ ಸರಿಪಡಿಸಲಾಗದ ಸೋಲೊಂದಿದೆ: ಹೊಡೆಸಿಕೊಳ್ಳುವವರು ಯಾರೆಂಬುದೇ ಗೊತ್ತಿಲ್ಲದಿರುವುದು. ಯಕ್ಷಗಾನದಲ್ಲಿ ಯುದ್ಧಕ್ಕೆ ಮೊದಲು ಎದುರಾಳಿಗಳಿಬ್ಬರೂ ಮಾತಿಗೆ ಮಾತು ಬೆಳೆಸಿ ವಾದ ಮಾಡುತ್ತಾರೆ. ಚಂಡೆಯ ಪೆಟ್ಟು ಏರುವ ಹೊತ್ತಿಗೆ ಇಬ್ಬರ ಪಕ್ಷದ ನ್ಯಾಯವೂ ಸಭೆಗೆ ತಿಳಿದಿರುತ್ತದೆ, ಸೋಲುವವನ ಮೇಲೂ ಒಂದಿಷ್ಟು ಮನಸ್ಸು ಕೂತಿರುತ್ತದೆ. ನಮ್ಮ ಇಂಟ್ರೊ ಫೈಟುಗಳಲ್ಲಿ ಜೀಪಿನಿಂದ ಇಳಿದ ಹತ್ತು ಜನ ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹಾರಿಹೋಗುತ್ತಾರೆ. ಚಿತ್ರಕಥೆಯಲ್ಲಿ ಇಲ್ಲದ್ದನ್ನು ಸಂಕಲನದಲ್ಲಿ ತರಲಾಗುವುದಿಲ್ಲವಾದರೂ, ಫೈಟು ಶುರುವಾಗುವ ಮುಂಚಿನ ಅರ್ಧ ನಿಮಿಷದಲ್ಲಿ ಇಬ್ಬರು ಮೂವರು ಫೈಟರ್‌ಗಳ ಮುಖವನ್ನಾದರೂ ಗುರುತಾಗುವಂತೆ ಕೂರಿಸಲು ನಾನು ಪ್ರಯತ್ನಿಸುತ್ತೇನೆ. ಒಬ್ಬ ಚಪ್ಪಲಿ ಬಿಟ್ಟು ಮುಂದೆ ಬರುವುದು, ಒಬ್ಬ ಪಕ್ಕದವನನ್ನು ಮುಂದಕ್ಕೆ ತಳ್ಳುವುದು, ಇಷ್ಟು ಸಿಕ್ಕರೂ ಸಾಕಾಗುತ್ತದೆ.

2018 ಮತ್ತು 2019ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನದ ಗೌರವ ಸತತವಾಗಿ ‘ಕೆಜಿಎಫ್: ಚಾಪ್ಟರ್ 1’ ಮತ್ತು ‘ಅವನೇ ಶ್ರೀಮನ್ನಾರಾಯಣ’ ಎಂಬ ಕನ್ನಡ ಚಿತ್ರಗಳಿಗೆ ಬಂತು. ಆಸ್ಕರ್‌ನವರು ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಕೊಡಲಿರುವುದು 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಎಂಬುದನ್ನು ನೆನೆದರೆ ಈ ವಿಷಯದಲ್ಲಿ ನಾವೇ ಮುಂದಿದ್ದೇವೆ. ಆದರೂ ಬೀಳುವವರ ಹೆಸರು ನಮ್ಮ ಟೈಟಲ್ ಕಾರ್ಡಿನಲ್ಲಿಯೂ ಅಪರೂಪ.

ಈಗ ಚಿತ್ರೀಕರಣಕ್ಕೆ ಮುಂಚೆ ಕ್ಯಾಮೆರಾದವರ ಹತ್ತಿರ ನಾನು ಕೇಳಿಕೊಳ್ಳುವುದು ಇನ್ನೊಂದಿದೆ: ಫೈಟರ್ ನೆಲಕ್ಕೆ ಬಿದ್ದ ಮೇಲೂ ಎರಡು ಮೂರು ಸೆಕೆಂಡು ಕ್ಯಾಮೆರಾ ನಿಲ್ಲಿಸಬೇಡಿ. ಫಿಲ್ಮಿನ ಕಾಲದಲ್ಲಿ 1,000 ಅಡಿಯ ರೀಲು 24 ಫ್ರೇಮಿನಲ್ಲಿ 11 ನಿಮಿಷ ಓಡಿದರೆ 96ರಲ್ಲಿ ಮೂರು ನಿಮಿಷವೂ ಬರುತ್ತಿರಲಿಲ್ಲ. ಮೈ ನೆಲಕ್ಕೆ ತಾಗಿದೊಡನೆ ಕಟ್ ಹೇಳುವ ಅಭ್ಯಾಸ ಆ ಉಳಿತಾಯದಿಂದ ಬಂದದ್ದು. ಮೆಮೊರಿ ಕಾರ್ಡಿನಲ್ಲಿ ತೆಗೆಯುವ ಈ ಕಾಲದಲ್ಲಿ ಆ ಖರ್ಚಿಲ್ಲ. ಮೊನ್ನೆಯ ಚಿತ್ರದ ಮಾಸ್ಟರ್ ಇದಕ್ಕೆ ತಕ್ಷಣ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: “ಬಿದ್ದಲ್ಲೇ ಮಲಗಿರೋಕೆ ನಮ್ ಹುಡುಗರಿಗೆ ಹೇಳ್ತೀನಿ ಸರ್, ಬಿಸಿಲಲ್ಲಿ ಕಾದ ಡಾಂಬರು ರಸ್ತೆ ಮಾತ್ರ ಬೇಡ.” ಆ ದೃಶ್ಯವನ್ನು ಸಂಜೆಗೆ ಹಾಕಿಸಿಕೊಂಡೆವು.